ದಿಂಬಿನ ಮನೆಗೆ ಹಣ ಕೊಡುವ ದಾರಿ

ಜನವರಿ 9

ಪ್ರೀತಿಯ ಗುಂಡಿ,

ಫೋನ್ ಮಾಡಬೇಡ, ಆಫೀಸಿನ ವಿಳಾಸಕ್ಕೆ ಕಾಗದ ಬರಿ ಅಂದೆಯಲ್ಲ, ಬರೆಯುತ್ತಿದ್ದೇನೆ. ಈ ಕಾಲದಲ್ಲಿ ಒಡಹುಟ್ಟಿದವಳಿಗೆ ಕಾಗದ ಬರೆಯುವವಳು ನಾನೊಬ್ಬಳೇ ಇರಬೇಕು. ಅಂಚೆ ಕಚೇರಿಯವನು ಸ್ಟಾಂಪು ಹುಡುಕಲು ಡ್ರಾಯರುಗಳನ್ನೆಲ್ಲ ಎಳೆದು, ಕೊನೆಗೆ ತನ್ನ ಊಟದ ಡಬ್ಬಿಯ ಕೆಳಗಿನಿಂದ ತೆಗೆದುಕೊಟ್ಟ.

ನಿನ್ನ ಆನ್‌ಲೈನ್ ಅಂಗಡಿಯ ಸಮಾಚಾರ ಕೇಳು. ನೀನು ಬಂದು ಎರಡು ದಿನ ಕೂತು ಫೋಟೋ ಹಾಕಿದೆ, ಅಳತೆ ತೆಗೆಯುವುದು ಹೇಗೆ ಅಂತ ಚಿತ್ರ ಹಾಕಿದೆ, ಕೈ ಒರೆಸಿಕೊಂಡು ಬಸ್ಸು ಹತ್ತಿದೆ. ತಿಂಗಳಾಯಿತು, ಒಂದು ಆರ್ಡರ್ ಇಲ್ಲ. ಯಾರಿಗೂ ಬೇಡವೇನೋ ಅಂತ ಸುಮ್ಮನಿದ್ದೆ. ನಿನ್ನೆ ನರ್ಸಮ್ಮ ಬಂದಿದ್ದಳು. ನನ್ನ ಆಪರೇಷನ್ ಆದಾಗ ನೋಡಿಕೊಂಡಳಲ್ಲ, ಅವಳೇ. ಈಗ ಎದೆ ತೆಗೆಸಿಕೊಂಡ ಹೆಂಗಸರನ್ನೆಲ್ಲ ನನ್ನ ಹತ್ತಿರ ಕಳಿಸುವವಳು. "ಅಕ್ಕಾ, ನಿಮ್ ಅಂಗಡೀಲಿ ದುಡ್ಡು ಕೊಡೋಕೇ ಜಾಗ ಇಲ್ವಲ್ಲ?" ಅಂದಳು. ನೋಡಿದರೆ ಹೌದು! 'ಹಣ ಹೇಗೆ ಪಡೆಯುತ್ತೀರಿ' ಅನ್ನುವ ಕಡೆ ಐದು ಚೌಕ ಇವೆ, ಒಂದಕ್ಕೂ ಟಿಕ್ ಬಿದ್ದಿಲ್ಲ. ಅದನ್ನು ನೀನು ನನ್ನ ಇಷ್ಟಕ್ಕೆ ಬಿಟ್ಟು ಹೋಗಿದ್ದೆ. ಹೊಲಿಗೆಯವಳು ನಾನು, ಬಟ್ಟೆ ಕೈಗೆ ಕೊಟ್ಟಾಗ ದುಡ್ಡು ಈಸಿಕೊಳ್ಳುವುದು, ಅದನ್ನೂ ಬರೆಯಬೇಕಾ ಅಂತ ಬಿಟ್ಟುಬಿಟ್ಟಿದ್ದೆ. ತಿಂಗಳಿಡೀ ಬಾಗಿಲು ತೆರೆದು ಗಲ್ಲಾಪೆಟ್ಟಿಗೆ ಇಲ್ಲದೆ ಕೂತಿದ್ದೇನೆ ನೋಡು. ನಗು, ನಗು.

ಆದರೆ ಇದು ನಗುವ ವಿಷಯ ಅಲ್ಲ ಅಂತ ನಿನಗೂ ಗೊತ್ತು. ಆಪರೇಷನ್ ಆದಾಗಿನಿಂದ ಬಲಗೈ ಊದುವುದು ನಿಂತಿಲ್ಲ. ಕೋಟು, ಪ್ಯಾಂಟು ಕತ್ತರಿಸುವ ದೊಡ್ಡ ಕತ್ತರಿ ಎತ್ತಿದರೆ ಸಂಜೆಗೆ ಬೆರಳು ಮಡಚಲಾಗುವುದಿಲ್ಲ. ನನ್ನಿಂದ ಆಗುವುದು ಈ ಎದೆದಿಂಬು ಒಂದೇ. ಮೆತ್ತನೆ ಬಟ್ಟೆ, ಹತ್ತಿ, ತೂಕಕ್ಕೆ ಒಳಗೆ ಸಣ್ಣ ಮಣಿ. ತೂಕ ಇಲ್ಲದಿದ್ದರೆ ಒಂದು ಭುಜ ಮೇಲೇರಿ ನಡಿಗೆಯೇ ಸೊಟ್ಟಗಾಗುತ್ತದೆ, ಅದು ನನ್ನ ಮೈಯೇ ಕಲಿಸಿದ ಪಾಠ. ಈ ಊರಿನವರಿಗೆ ಎಷ್ಟಂತ ಹೊಲಿಯಲಿ? ದೂರದವರಿಗೆ ಮುಟ್ಟಿದರೆ ಅಂಗಡಿ ಉಳಿಯುತ್ತದೆ. ವರ್ಷದ ಕೊನೆಯೊಳಗೆ ಇದು ನಡೆಯದಿದ್ದರೆ ಕೋಣೆ ಬಿಟ್ಟುಕೊಡಬೇಕು, ಆಮೇಲೆ ಈ ಕೈ ಇಟ್ಟುಕೊಂಡು ಯಾರ ಮನೆ ಬಾಗಿಲಿಗೆ ಹೋಗಲಿ?

ಐದರಲ್ಲಿ ಯಾವುದಕ್ಕೆ ಟಿಕ್ ಹಾಕಲಿ, ಬೇಗ ಬರಿ.

ನಿನ್ನ
ಅಕ್ಕ

*

ಜನವರಿ 17

ಅಕ್ಕನಿಗೆ,

ನಿನ್ನ ಕಾಗದ ಓದಿ ಲೆಕ್ಕದ ವಿಭಾಗದಲ್ಲಿ ಒಬ್ಬಳೇ ಕೂತು ನಕ್ಕೆ. ಟಪಾಲು ನೋಡಿಕೊಳ್ಳುವ ಮೇಡಂ, "ಏನ್ರೀ, ಲವ್ ಲೆಟರಾ?" ಅಂದರು. ನಮ್ಮಕ್ಕ ಬೈದಿದ್ದಾಳೆ ಅಂದೆ.

ತಪ್ಪು ನನ್ನದೇ, ನಾನೇ ಹಾಕಿ ಹೋಗಬೇಕಿತ್ತು. ಈಗ ಕೇಳು. ಕಾರ್ಡು, ಬ್ಯಾಂಕು, ಫೋನಿನ ವ್ಯಾಲೆಟ್ಟು, ಈ ಮೂರಕ್ಕೆ ಕಣ್ಣುಮುಚ್ಚಿ ಟಿಕ್ ಹಾಕು. ಕೊಳ್ಳುವವರು ಹಣ ಕಟ್ಟುವಾಗ ಬ್ಯಾಂಕಿನಿಂದ ಅವರ ಫೋನಿಗೆ ಆರು ಅಂಕಿ ಬರುತ್ತದೆ, ಓಟಿಪಿ ಅಂತಾರೆ, ಅದನ್ನು ಒತ್ತಿದರೆ ಮುಗಿಯಿತು. ದುಡ್ಡು ಮೊದಲು ನಿನ್ನ ಕೈಗೆ, ಆಮೇಲೆ ನೀನು ಸೂಜಿ ಹಿಡಿ. ನಾಲ್ಕನೆಯದು ಕಂತು, ಅದು ನಮಗೆ ಬೇಡ.

ಐದನೆಯದು ಕ್ಯಾಷ್ ಆನ್ ಡೆಲಿವರಿ. ಅದನ್ನು ಮುಟ್ಟಲೇಬೇಡ. ಬಾಗಿಲಿಗೆ ಬಂದ ಮೇಲೆ 'ಬೇಡ' ಅನ್ನಲು ಜನಕ್ಕೆ ಏನು ಖರ್ಚು? ನಮ್ಮ ಟೈಲ್ಸ್ ಕಂಪನಿಯಲ್ಲಿ ಒಂದು ವರ್ಷ ಅದನ್ನಿಟ್ಟು ಕೈ ಸುಟ್ಟುಕೊಂಡರು. ವಾಪಸ್ ಬಂದ ಟೈಲ್ಸನ್ನಾದರೂ ಇನ್ನೊಬ್ಬರಿಗೆ ಮಾರಬಹುದು, ನಿನ್ನದು ಒಬ್ಬೊಬ್ಬರ ಅಳತೆಗೆ ಹೊಲಿದದ್ದು. ಹೋದ ಕೂಲಿ, ಬಂದ ಕೂಲಿ ಎರಡೂ ನಿನ್ನ ತಲೆಗೆ. ವಾಪಸ್ ಜಾಸ್ತಿಯಾದರೆ ಕೊರಿಯರ್ ಕಂಪನಿಯೇ ಆ ಚೌಕ ಮುಚ್ಚಿಬಿಡುತ್ತದೆ. ಇಷ್ಟು ವರ್ಷ ಲೆಕ್ಕ ಬರೆದವಳ ಮಾತು ಒಂದು ಸಲವಾದರೂ ಕೇಳು, ಅಕ್ಕ.

ಕಾಗದ ಇಲ್ಲಿಗೇ ಬರಿ. ಮನೆಯ ಅಂಚೆಡಬ್ಬಿಯ ಬೀಗ ಕೆಟ್ಟಿದೆ. ಫೋನು ಬಂದರೆ ಇವರಿಗೆ ಕಿರಿಕಿರಿ, ಯಾರು ಏನು ಅಂತ ಪ್ರಶ್ನೆ. ಇವರು ಚೆನ್ನಾಗಿದ್ದಾರೆ. ನಾನೂ ಚೆನ್ನಾಗಿದ್ದೇನೆ.

ನಿನ್ನ
ಗುಂಡಿ

*

ಫೆಬ್ರವರಿ 20

ಪ್ರೀತಿಯ ಗುಂಡಿ,

ಲೆಕ್ಕದಮ್ಮನವರ ಮಾತು ಕೇಳಿದೆ. ಮೂರಕ್ಕೆ ಟಿಕ್ ಹಾಕಿದೆ. ಬಂದರಪ್ಪ ಜನ! ಅಳತೆ ತುಂಬುತ್ತಾರೆ, ಬಣ್ಣ ಆರಿಸುತ್ತಾರೆ, ವಿಳಾಸ ಬರೆಯುತ್ತಾರೆ, ಹಣ ಕಟ್ಟುವ ಪುಟಕ್ಕೆ ಬರುತ್ತಾರೆ, ಅಲ್ಲಿಂದ ಹೋಗಿಬಿಡುತ್ತಾರೆ. ದಿನವೂ ಅದೇ ಕಥೆ. ಅಂಗಡಿಯ ಮೆಟ್ಟಿಲು ಹತ್ತಿ, ಗಲ್ಲಾಪೆಟ್ಟಿಗೆ ತನಕ ಬಂದು, ಕೈಯಲ್ಲಿದ್ದದ್ದು ಅಲ್ಲೇ ಇಟ್ಟು ಓಡಿದ ಹಾಗೆ.

ತಡೆಯಲಾರದೆ ಫೋನ್ ನಂಬರ್ ಕೊಟ್ಟಿದ್ದವರಿಗೆ ನಾನೇ ಮಾಡಿದೆ. ಒಬ್ಬರು ಶಾಲೆಯ ಹೆಡ್‌ಮಿಸ್ಟ್ರೆಸ್. ಧ್ವನಿ ಕೇಳಿದರೆ ನಾನೇ ಎದ್ದು ನಿಲ್ಲಬೇಕು, ಹಾಗೆ ಗದರುವ ಹೆಂಗಸು. ಅವರು ಮೆಲ್ಲಗೆ ಅಂದದ್ದು ಏನು ಗೊತ್ತಾ? "ಬ್ಯಾಂಕಿಗೆ ಕೊಟ್ಟಿರೋದು ಮಗನ ನಂಬರಮ್ಮ. ಆರು ಅಂಕಿ ಅವನಿಗೆ ಬರುತ್ತೆ. ಏನಕ್ಕೆ ಅಂತ ಕೇಳ್ತಾನೆ. ಮಗನ ಹತ್ರ ಹೇಗೆ ಹೇಳ್ಲಿ ಇದನ್ನ?" ಇನ್ನೊಬ್ಬಳದ್ದು ಗಂಡನ ಫೋನಿಗೆ. ಮತ್ತೊಬ್ಬಳದ್ದು ಮಾವನದ್ದು. ದುಡಿಯುವುದು ಇವರು, ಅಂಕಿ ಬರುವುದು ಬೇರೆಯವರಿಗೆ! ನಿನ್ನ ಮೂರೂ ದಾರಿ ಹೋಗಿ ಸೇರುವುದು ಒಂದೇ ಫೋನಿಗೆ, ಗುಂಡಿ, ಆ ಫೋನು ಹೆಂಗಸಿನ ಕೈಯಲ್ಲಿಲ್ಲ.

ಬೈದುಕೋ. ಐದನೆಯದಕ್ಕೆ ಟಿಕ್ ಹಾಕಿದೆ. ಅಡುಗೆಮನೆಯ ಡಬ್ಬಿಯಲ್ಲೋ ಪುಸ್ತಕದ ಹಾಳೆಯ ನಡುವೆಯೋ ಎಲ್ಲ ಹೆಂಗಸರ ಹತ್ತಿರವೂ ನಾಲ್ಕು ಕಾಸು ಇದ್ದೇ ಇರುತ್ತದೆ. ಅದರಲ್ಲಿ ಕೊಡಲಿ ಅಂತ. ಒಂದೇ ವಾರದಲ್ಲಿ ಆರ್ಡರ್ ಬಂದವು ನೋಡು, ನನಗೆ ಕುಣಿಯುವಷ್ಟು ಖುಷಿ!

ಕುಣಿದು ಮುಗಿಯುವಷ್ಟರಲ್ಲಿ ಅರ್ಧ ವಾಪಸ್ ಬಂತು. ತಪ್ಪು ಪೂರ್ತಿ ನನ್ನದು. ಹೊಲಿದ ಬಟ್ಟೆಯ ಗಂಟಿನ ಮೇಲೆ ಅಳತೆ ಚೀಟಿ ಪಿನ್ ಮಾಡಿಯೇ ಈ ಕೈಗೆ ಅಭ್ಯಾಸ. ಇಲ್ಲೂ ಹಾಗೇ ಮಾಡಿಬಿಟ್ಟಿದ್ದೇನೆ. ಪಾರ್ಸಲ್ ಮೇಲೆ ದೊಡ್ಡ ಅಕ್ಷರದಲ್ಲಿ 'ಎದೆ, ಎಡಗಡೆ, ದೊಡ್ಡದು'! ಆ ಕೊರಿಯರಿನವನು ಅದನ್ನು ಗೇಟಿನಲ್ಲಿ ನಿಂತು ಓದಿದ್ದಾನೆ. ಯಾವ ಹೆಂಗಸು ತಾನೇ ನನ್ನದು ಅಂತ ಈಚೆ ಬಂದಾಳು? ಯೋಚಿಸಿದರೆ ನನಗೇ ಕಪಾಳಕ್ಕೆ ಹೊಡೆದುಕೊಳ್ಳುವ ಹಾಗಾಗುತ್ತದೆ.

ಏನು ಮಾಡಲಿ ಹೇಳು.

ಅಕ್ಕ

*

ಮಾರ್ಚ್ 4

ಅಕ್ಕ,

ಚೀಟಿಯ ವಿಷಯ ಓದಿ ತಲೆ ಚಚ್ಚಿಕೊಂಡೆ. ದಯವಿಟ್ಟು ಇನ್ನು ಮೇಲೆ ಪಾರ್ಸಲ್ ಹೊರಗೆ ಏನೂ ಬರೆಯಬೇಡ. ಅಂಗಡಿಯ ಹೆಸರನ್ನೂ ಬದಲಾಯಿಸಿದ್ದೇನೆ. 'ದಿಂಬಿನ ಮನೆ'. ಬ್ಯಾಂಕಿನ ಮೆಸೇಜಿನಲ್ಲೂ ಅದೇ ಬರುತ್ತದೆ, ಕೊರಿಯರಿನವನ ಚೀಟಿಯಲ್ಲೂ ಅದೇ. ಯಾರಾದರೂ ಕೇಳಿದರೆ ದಿಂಬು ತರಿಸಿದೆ ಅನ್ನಬಹುದು, ಸುಳ್ಳೂ ಅಲ್ಲ.

ಹೆಸರು ಸರಿಯಾಗಿ ಬರುತ್ತದೋ ಇಲ್ಲವೋ ನೋಡಲು ನಮ್ಮ ಕಾರ್ಡಿನಲ್ಲಿ ನಾನೇ ಒಂದು ಆರ್ಡರ್ ಹಾಕಿ ಆಮೇಲೆ ರದ್ದು ಮಾಡಿದೆ. ಚೆನ್ನಾಗಿ ಬಂತು. ಸಂಜೆ ಇವರು ಊಟಕ್ಕೆ ಕೂತಾಗ "ದಿಂಬು ಯಾಕೆ? ಇರೋದು ಸಾಲದಾ?" ಅಂದರು. ಆಫೀಸಿನ ಕುರ್ಚಿಗೆ ನೋಡುತ್ತಿದ್ದೆ ಅಂದೆ. ಅಷ್ಟೇ, ದೊಡ್ಡ ವಿಷಯವೇನಲ್ಲ.

ಆದರೂ ಅಕ್ಕ, ಐದನೆಯ ಚೌಕ ತೆಗೆದುಬಿಡು. ನಿನಗೆ ಕರುಣೆ ಬಂದವರಿಗೆಲ್ಲ ಸಾಲ ಕೊಡುತ್ತಾ ಕೂತರೆ ಅಂಗಡಿ ನಡೆಯುವುದಿಲ್ಲ. ನಿನ್ನ ಕೋಣೆ, ನಿನ್ನ ಕೈ, ಅದನ್ನು ಮೊದಲು ನೋಡಿಕೋ. ನಾನು ಕಟುವಾಗಿ ಬರೆಯುತ್ತಿದ್ದೇನೆ ಅನ್ನಿಸಿದರೆ ಕ್ಷಮಿಸು, ಎರಡು ವಾರದಿಂದ ಸುಸ್ತು.

ಗುಂಡಿ

*

ಏಪ್ರಿಲ್ 12

ಗುಂಡಿ,

ದಿಂಬಿನ ಮನೆ ಅಂತ ಹೆಸರಿಟ್ಟೆಯಲ್ಲ, ನಿನ್ನೆ ಒಬ್ಬ ಮಹಾಶಯ ಫೋನ್ ಮಾಡಿ ಸೋಫಾಗೆ ನಾಲ್ಕು ಬೇಕು ಅಂದ. ಒಂದೇ ಸೈಜಿನವು, ಅಂಚಿಗೆ ಕುಚ್ಚು ಇರಲಿ ಅಂದ. ಕುಚ್ಚು! ನರ್ಸಮ್ಮ ಪಕ್ಕದಲ್ಲೇ ಇದ್ದಳು, ಇಬ್ಬರೂ ನಕ್ಕೂ ನಕ್ಕೂ ಕಣ್ಣೀರು ಬಂತು. ಆಪರೇಷನ್ ಆದ ಮೇಲೆ ನಾನು ಹಾಗೆ ನಕ್ಕಿದ್ದೇ ಇಲ್ಲ.

ಅದೊಂದು ಬಿಟ್ಟರೆ ನಗುವಂಥದ್ದು ಏನೂ ಇಲ್ಲ. ಚೀಟಿ ಇಲ್ಲದಿದ್ದರೂ ವಾಪಸ್ ಬರುತ್ತಿವೆ. ಹೆಂಗಸಿನ ಹತ್ತಿರ ದುಡ್ಡು ಇದೆ, ಮನಸ್ಸೂ ಇದೆ, ಆದರೆ ಬಾಗಿಲು ತೆರೆಯುವವರು ಬೇರೆ. "ಯಾರು ತರಿಸಿದ್ದು? ನಾವು ಏನೂ ತರಿಸಿಲ್ಲ" ಅಂತ ಮಾತು ಮುಗಿಸಿಬಿಡುತ್ತಾರಂತೆ. ಒಳಗಿನವಳು ಒಳಗೇ ಇರುತ್ತಾಳೆ. ನಮ್ಮ ಕೊರಿಯರಿನವನು ಒಳ್ಳೆಯವನು, ಪ್ರತಿ ಸಲ ಪಾರ್ಸಲ್ ಇಳಿಸುವಾಗ "ಮೇಡಂ, ಮಗಳು ತವರಿಗೆ ಬಂದ್ಲು ನೋಡಿ" ಅನ್ನುತ್ತಾನೆ. ಕಿಟಕಿ ಪಕ್ಕದ ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದೇನೆ. ಬಿಚ್ಚಿ ಹತ್ತಿ ತೆಗೆದು ಬೇರೆಯವರಿಗೆ ಹೊಲಿ ಅನ್ನುತ್ತಾಳೆ ನರ್ಸಮ್ಮ. ಕೈ ಬರುವುದಿಲ್ಲ. ಒಬ್ಬೊಬ್ಬರದು ಒಂದೊಂದು ಅಳತೆ, ಬಿಚ್ಚಿದರೆ ಅವಳು ಇಲ್ಲವೇ ಇಲ್ಲ ಅಂದ ಹಾಗಾಗುತ್ತದೆ ನನಗೆ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. 'ನಮ್ಮ ಕಾರ್ಡು' ಅಂತ ಬರೆದಿದ್ದೀಯ. ಆರ್ಡರ್ ಹಾಕಿದ್ದು ನೀನು, ಊಟಕ್ಕೆ ಕೂತು ಕೇಳಿದ್ದು ನಿನ್ನ ಯಜಮಾನರು. ಆರು ಅಂಕಿ ಯಾರ ಫೋನಿಗೆ ಬಂತು, ಗುಂಡಿ? ನೀನು ದುಡಿದ ಸಂಬಳ ಬಂತು ಅಂತ ಬ್ಯಾಂಕಿನವರು ಯಾರಿಗೆ ಹೇಳುತ್ತಾರೆ? ಮನೆಗೆ ಕಾಗದ ಬೇಡ, ಫೋನ್ ಬೇಡ, ಅಂಚೆಡಬ್ಬಿ ಬೀಗ ಮೂರು ವರ್ಷದಿಂದ ಕೆಟ್ಟಿದೆ. ನಾನೇನು ಕುರುಡಿಯಾ? ಅಮ್ಮನ ಮಿಷನ್ ಕೆಳಗೆ ಬಿದ್ದ ಗುಂಡಿ ನುಂಗಿ, ಏನೂ ಆಗಿಲ್ಲ ಅಂತ ಎರಡು ದಿನ ಮುಖ ಇಟ್ಟುಕೊಂಡು ಓಡಾಡಿದವಳು ನೀನು. ಆ ಹೆಸರು ಸುಮ್ಮನೆ ಬಂದಿದ್ದಲ್ಲ.

ಸುಸ್ತು ಅಂದೆ. ಡಾಕ್ಟರಿಗೆ ತೋರಿಸು. ನಮ್ಮ ಮನೆಯ ಹೆಂಗಸರು ಸುಸ್ತು ಅಂತ ಸುಮ್ಮನೆ ಕೂರುವ ಹಾಗಿಲ್ಲ. ಅಮ್ಮನಿಗೆ ಆಯಿತು, ನನಗೆ ಆಯಿತು. ನಾಳೆಯೇ ತೋರಿಸು, ಉತ್ತರ ಬರಿ.

ಅಕ್ಕ

*

ಜೂನ್ 30

ಅಕ್ಕ,

ಉತ್ತರ ಬರೆಯಲು ಇಷ್ಟು ದಿನ ಆಯಿತು. ರಜೆಯಲ್ಲಿದ್ದೆ.

ಎಡಗಡೆ. ಪೂರ್ತಿ ತೆಗೆದಿದ್ದಾರೆ. ಮೇ ತಿಂಗಳಲ್ಲಿ ಆಯಿತು. ನಿನಗೆ ಹೇಳಿದರೆ ಓಡಿ ಬರುತ್ತೀಯ ಅಂತ ಹೇಳಲಿಲ್ಲ. ಹೇಳಬೇಡ ಅಂತ ಇವರೂ ಅಂದರು. "ನಿಮ್ ಮನೆತನದ ಕಾಯಿಲೆ ನಿಮ್ ಮನೇಲೇ ಇರ್ಲಿ, ಊರಿಗೆಲ್ಲಾ ಯಾಕೆ" ಅಂದರು. ಕೆಟ್ಟವರಲ್ಲ, ಅಕ್ಕ. ದೊಡ್ಡ ಆಸ್ಪತ್ರೆಗೇ ಸೇರಿಸಿದರು, ಔಷಧಿ ಹೊತ್ತಿಗೆ ಸರಿಯಾಗಿ ತಂದುಕೊಡುತ್ತಾರೆ. ಆದರೆ ನನ್ನ ಮುಖ ನೋಡಿ ಮಾತಾಡುವುದಿಲ್ಲ. ನಾನು ಬಟ್ಟೆ ಬದಲಾಯಿಸುವಾಗ ಎದ್ದು ಹೊರಗೆ ಹೋಗಿ ಟೀವಿ ಹಾಕುತ್ತಾರೆ.

ನೀನು ಕೇಳಿದೆಯಲ್ಲ. ಹೌದು, ಅಂಕಿ ಇವರ ಫೋನಿಗೇ ಬರುತ್ತದೆ. ಕಂಪನಿಯ ಕೋಟಿ ಲೆಕ್ಕ ನಾನು ಬರೆಯುತ್ತೇನೆ, ಒಂದು ಜೊತೆ ಚಪ್ಪಲಿ ಕೊಳ್ಳಬೇಕಾದರೆ ಆರು ಅಂಕಿ ಕೇಳಬೇಕು. ಮದುವೆಯಾದ ವರ್ಷ ಫಾರಂ ತುಂಬುವಾಗ "ನನ್ ನಂಬರೇ ಹಾಕು, ನಿಂಗ್ಯಾಕೆ ತಲೆನೋವು" ಅಂದರು. ಪ್ರೀತಿ ಅಂದುಕೊಂಡೆ. ಆ ಹೆಂಗಸರ ಮೇಲೆ ಕರುಣೆ ಬೇಡ, ಐದನೆಯ ಚೌಕ ತೆಗಿ ಅಂತ ನಿನಗೆ ಪಾಠ ಹೇಳುತ್ತಿದ್ದೆನಲ್ಲ, ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಮೂರು ದಿನದಿಂದ ಆಫೀಸಿಗೆ ಬರುತ್ತಿದ್ದೇನೆ. ರವಿಕೆಯ ಒಳಗೆ ಇವರ ಕಾಲುಚೀಲ ಸುತ್ತಿ ಇಟ್ಟುಕೊಂಡಿದ್ದೇನೆ. ಲಿಫ್ಟಿನಲ್ಲಿ ಅದು ಜಾರಿ ಹೊಟ್ಟೆಯ ಹತ್ತಿರ ಬಂತು. ಬ್ಯಾಗು ಅಪ್ಪಿಕೊಂಡು ಎಂಟನೆಯ ಮಹಡಿಯವರೆಗೆ ನಿಂತಿದ್ದೆ. ಯಾರೂ ನೋಡಲಿಲ್ಲ ಅಂದುಕೊಂಡಿದ್ದೇನೆ.

ನನಗೊಂದು ಹೊಲಿದುಕೊಡು, ಅಕ್ಕ. ಇಲ್ಲಿ ಆಫೀಸಿಗೇ ಕಳಿಸು. ನೀನು ಬರಬೇಡ, ಬಂದರೆ ಆಮೇಲೆ ನಾನು ಉತ್ತರ ಹೇಳಬೇಕಾಗುತ್ತದೆ.

ಗುಂಡಿ

*

ಜುಲೈ 6

ನನ್ನ ಗುಂಡಿ,

ನಿನ್ನ ಕಾಗದ ಓದಿ ಕತ್ತರಿಸುವ ಮೇಜಿನ ಮೇಲೇ ತಲೆ ಇಟ್ಟು ಅತ್ತೆ. ಆಮೇಲೆ ನಿನ್ನ ಮೇಲೆ ಸಿಟ್ಟು ಬಂತು, ಆಮೇಲೆ ಅವನ ಮೇಲೆ, ಆಮೇಲೆ ಎದ್ದು ಹೊಲಿಯಲು ಬಟ್ಟೆ ತೆಗೆದೆ.

ಪಾರ್ಸಲ್ ಒಳಗೆ ಎರಡು ಇವೆ. ಒಂದು ಈಗಿನದು, ಗಾಯ ಹಸಿ ಇರುವಾಗ ಹಾಕುವುದು, ಬರೀ ಹತ್ತಿ, ಮಣಿ ಹಾಕಿಲ್ಲ. ಇನ್ನೊಂದು ಮೂರು ತಿಂಗಳ ಮೇಲೆ. ಹೊಲಿಗೆ ಇರುವ ಕಡೆ ಮೈಗೆ ತಾಗದ ಹಾಗೆ ತಿರುಗಿಸಿ ಹಾಕಿಕೋ. ಒಗೆದ ಮೇಲೆ ಹಿಂಡಬೇಡ. ನಿನ್ನ ಅಳತೆ ನಾನು ಕೇಳಲಿಲ್ಲ ನೋಡು. ನಿನಗೆ ಮೊದಲ ರವಿಕೆ ಹೊಲಿದದ್ದು ಈ ಕೈ, ಮದುವೆಯದು ಹೊಲಿದದ್ದು ಈ ಕೈ. ಕಣ್ಣು ಮುಚ್ಚಿಕೊಂಡು ಕತ್ತರಿಸಿದೆ.

ಆ ಕಾಲುಚೀಲ ಬಿಸಾಡು! ಅವನ ಕಾಲುಚೀಲ ನಿನ್ನ ಎದೆಯ ಮೇಲೆ ಇರುವುದು ನನಗೆ ಸಹಿಸಲಾಗುತ್ತಿಲ್ಲ.

ಕೆಟ್ಟವರಲ್ಲ ಅಂದೆ. ಇರಲಿ. ಕೆಟ್ಟವನಲ್ಲದವನ ಮನೆಯಲ್ಲಿ ನನ್ನ ತಂಗಿ ಲಿಫ್ಟಿನಲ್ಲಿ ಬ್ಯಾಗು ಅಪ್ಪಿಕೊಂಡು ನಿಲ್ಲಬೇಕಾಯಿತು. ಬಂದುಬಿಡು, ಗುಂಡಿ. ಗೋಡೆ ಪಕ್ಕ ಒಂದು ಮಂಚ ಹಾಕುವಷ್ಟು ಜಾಗ ಇದೆ. ನಾನು ಹೊಲಿಯುತ್ತೇನೆ, ನೀನು ಲೆಕ್ಕ ಬರಿ, ದಿನವೂ ಜಗಳ ಆಡೋಣ. ನಿನ್ನ ಹೆಸರಲ್ಲಿ, ನಿನ್ನ ನಂಬರು ಕೊಟ್ಟು ಒಂದು ಖಾತೆ ತೆಗೆಯೋಣ. ಬರುವುದಾದರೆ ಒಂದೇ ಸಾಲು ಬರಿ, ಬಸ್ ನಿಲ್ದಾಣದಲ್ಲಿ ಬಂದು ನಿಂತಿರುತ್ತೇನೆ.

ಅಕ್ಕ

*

ಜುಲೈ 28

ಮಾನ್ಯರೇ,

ನನ್ನ ಪರಿಚಯ ನಿಮಗಿಲ್ಲ. ನಿಮ್ಮ ತಂಗಿಯವರ ಆಫೀಸಿನಲ್ಲಿ ಟಪಾಲು ನೋಡಿಕೊಳ್ಳುವವಳು. ಲಕೋಟೆಯ ಹಿಂದಿನ ವಿಳಾಸ ನೋಡಿ ಬರೆಯುತ್ತಿದ್ದೇನೆ. ನಿಮ್ಮ ಕಾಗದ ಮತ್ತು ಪಾರ್ಸಲ್ ನಮ್ಮಲ್ಲಿಗೆ ತಲುಪುವ ಹಿಂದಿನ ವಾರವೇ ನಿಮ್ಮ ತಂಗಿ ಕೆಲಸ ಬಿಟ್ಟಿದ್ದಾರೆ. ರಾಜೀನಾಮೆ ಪತ್ರ ತಂದವರು ಅವರ ಯಜಮಾನರು. "ಅವಳಿಗೆ ರೆಸ್ಟ್ ಬೇಕು, ಇನ್ನು ದುಡಿದಿದ್ದು ಸಾಕು" ಎಂದು ಎಲ್ಲರಿಗೂ ಕೈ ಮುಗಿದು, ಅವರ ಮೇಜಿನ ಸಾಮಾನು ಒಂದು ಚೀಲಕ್ಕೆ ತುಂಬಿಕೊಂಡು ಹೋದರು. ತುಂಬಾ ಸಭ್ಯರಾಗಿ ಮಾತಾಡಿದರು.

ಪಾರ್ಸಲ್ಲನ್ನು ವಾಪಸ್ ಕಳಿಸಲು ಮನಸ್ಸಾಗದೆ, ಭಾನುವಾರ ನಾನೇ ಅವರ ಮನೆಗೆ ತೆಗೆದುಕೊಂಡು ಹೋಗಿದ್ದೆ. ಯಜಮಾನರು ಗೇಟಿನಲ್ಲೇ ಮಾತಾಡಿದರು. "ಈ ಮನೆಗೆ ಯಾವ ಪಾರ್ಸಲ್ಲೂ ಬೇಡ ಮೇಡಂ, ಅವಳಿಗೆ ಬೇಕಾದ್ದೆಲ್ಲ ನಾನೇ ತಂದ್ಕೊಡ್ತೀನಿ" ಎಂದರು. ಒಳಗಿನ ಕೋಣೆಯ ಕಿಟಕಿ ಮುಚ್ಚಿತ್ತು. ಹೆಚ್ಚು ಕೇಳುವುದು ಸರಿ ಎನಿಸಲಿಲ್ಲ.

ನಿಮ್ಮ ತಂಗಿ ಲಿಫ್ಟಿನಲ್ಲಿ ಬಂದ ದಿನ ನಾನು ಅವರ ಹಿಂದೆಯೇ ನಿಂತಿದ್ದೆ. ಏನಾದರೂ ಅನ್ನಬೇಕಿತ್ತು. ಅವರಿಗೆ ಇನ್ನೂ ನಾಚಿಕೆಯಾದೀತು ಎಂದು ಸುಮ್ಮನಾದೆ.

ನಿಮ್ಮ ಕಾಗದವನ್ನು ತೆರೆದಿಲ್ಲ. ಎರಡನ್ನೂ ಇದರ ಜೊತೆ ಕಳಿಸಿದ್ದೇನೆ.

ಇತಿ,
ಟಪಾಲು ವಿಭಾಗ

*

ಅಕ್ಟೋಬರ್ 3

ಗುಂಡಿ,

ಈ ಕಾಗದವನ್ನು ಪಾರ್ಸಲ್ ಒಳಗೆ ಇಟ್ಟಿದ್ದೇನೆ, ಕಳಿಸಲು ಬೇರೆ ವಿಳಾಸ ಇಲ್ಲ.

ಆಗಸ್ಟಿನಲ್ಲಿ ನಾನು ಬಂದಿದ್ದೆ, ನಿನಗೆ ಗೊತ್ತಾಯಿತೋ ಇಲ್ಲವೋ. ನಿನ್ನ ಯಜಮಾನರು ವರಾಂಡದಲ್ಲಿ ಕುರ್ಚಿ ಹಾಕಿ ನೀರು ಕೊಟ್ಟರು. "ಮಲಗಿದ್ದಾಳೆ, ಎಬ್ಬಿಸೋದು ಬೇಡ" ಅಂದರು. ಸಂಜೆಯವರೆಗೆ ಕೂತಿದ್ದೆ, ನೀನು ಮಲಗೇ ಇದ್ದೆ. ಹೋಗುವ ಮುಂಚೆ ಗಟ್ಟಿಯಾಗಿ ಕೆಮ್ಮಿದೆ. ನಾಚಿಕೆ ಬಿಟ್ಟು ನಿನ್ನ ಹೆಸರನ್ನೂ ಕೂಗಿದೆ. ಠಾಣೆಗೆ ಹೋದೆ. "ಹೊಡೀತಾರಾ? ಊಟ ಹಾಕಲ್ವಾ?" ಅಂದರು. ಇಲ್ಲ ಅಂದೆ. "ಮತ್ತೇನಮ್ಮಾ ಕಷ್ಟ?" ಅಂದರು. ಏನು ಅಂತ ಹೇಳಲಿ? ಹೊಡೆದಿಲ್ಲ, ಬಡಿದಿಲ್ಲ, ಔಷಧಿ ಹೊತ್ತಿಗೆ ಸರಿಯಾಗಿ ಕೊಡುತ್ತಾನೆ. ನಿನ್ನ ಫೋನು ಜುಲೈಯಿಂದಲೇ ಸ್ವಿಚ್ ಆಫ್. ಆಮೇಲೆ ಎರಡು ಸಲ ಪಾರ್ಸಲ್ ಅಂಚೆಯಲ್ಲಿ ಕಳಿಸಿದೆ, ಎರಡೂ ವಾಪಸ್ ಬಂದವು.

ಮೊನ್ನೆ ಅಂಗಡಿಗೆ ಒಂದು ಆರ್ಡರ್ ಬಂತು. ಹೆಸರಿನ ಜಾಗದಲ್ಲಿ 'ಗುಂಡಿ'. ಎಡಗಡೆ. ನಿನ್ನ ಅಳತೆ, ನಿನ್ನ ಮನೆ ವಿಳಾಸ. ಫೋನ್ ನಂಬರ್ ಕಡೆ ನನ್ನದೇ ನಂಬರ್ ಹಾಕಿದ್ದೀಯ, ಕೊರಿಯರಿನವರ ಮೆಸೇಜು ಅವನಿಗೆ ಹೋಗದೆ ನನಗೆ ಬರಲಿ ಅಂತ. ನೀನೇ ಬೇಡ ಬೇಡ ಅಂದ ಐದನೆಯ ಚೌಕ, ಕ್ಯಾಷ್ ಆನ್ ಡೆಲಿವರಿ. ಡೆಲಿವರಿಯವರಿಗೆ ಸೂಚನೆ ಅನ್ನುವ ಕಡೆ 'ಹನ್ನೊಂದರ ಮೇಲೆ ಬನ್ನಿ, ಬೆಲ್ ಮಾಡಬೇಡಿ' ಅಂತ. ಅವನ ಫೋನು ಎರಡು ನಿಮಿಷ ನಿನ್ನ ಕೈಗೆ ಹೇಗೆ ಸಿಕ್ಕಿತು? ಸ್ನಾನಕ್ಕೆ ಹೋಗಿದ್ದನಾ?

ಹೊಲಿದಿದ್ದೇನೆ. ನಮ್ಮ ಕೊರಿಯರಿನವನಿಗೆ ಆ ಊರಿನ ಹುಡುಗನ ಹತ್ತಿರ ಮಾತಾಡು ಅಂತ ಕೈ ಮುಗಿದು ಹೇಳಿದ್ದೇನೆ. ನಿನ್ನ ಹತ್ತಿರ ದುಡ್ಡು ಕೇಳಬೇಡ ಅಂತಲೂ ಹೇಳಿದ್ದೇನೆ, ಹುಡುಗನಿಗೆ ನಾನು ಮೊದಲೇ ಮುಟ್ಟಿಸಿರುತ್ತೇನೆ.

ನಿನ್ನ ಅಕ್ಕ

*

ಡಿಸೆಂಬರ್ 27

ಗುಂಡಿ,

ಅಕ್ಟೋಬರಿನದು ವಾಪಸ್ ಬಂತು. ಹುಡುಗ ಬೆಲ್ ಮಾಡಲಿಲ್ಲವಂತೆ, ಆದರೆ ಗೇಟು ತೆರೆದವನು ನಿನ್ನ ಗಂಡನೇ. 'ಗ್ರಾಹಕರು ನಿರಾಕರಿಸಿದ್ದಾರೆ' ಅಂತ ನನ್ನ ಫೋನಿಗೆ ಮೆಸೇಜು. ನಮ್ಮ ಕೊರಿಯರಿನವನು ಈ ಸಲ ತವರು ಗಿವರು ಅನ್ನಲಿಲ್ಲ, ಮೇಜಿನ ಮೇಲೆ ಇಟ್ಟು ಹೋದ. ನನ್ನ ಕಾಗದವೂ ಅದರ ಒಳಗೇ ಇದೆ. ಇದಕ್ಕಾಗಿಯೇ ಕಿಟಕಿಯಿಂದ ದೂರ ಬೇರೆ ಹಲಗೆ ಮಾಡಿಸಿದ್ದೇನೆ.

ಆಮೇಲೆ ನವೆಂಬರಿನಲ್ಲಿ ಮತ್ತೆ ನಿನ್ನ ಆರ್ಡರ್. 'ಗೇಟಿನ ಹತ್ತಿರ ಕೂಗಬೇಡಿ.' ಅದೂ ಬಂತು. ಡಿಸೆಂಬರ್ ಮೊದಲ ವಾರ ಇನ್ನೊಂದು. 'ಹೊಲಿಗೆ ಬಿಗಿ ಬೇಡ, ಕೈ ಊದಿದೆ.' ಗುಂಡಿ, ಅದು ಡೆಲಿವರಿ ಹುಡುಗನಿಗೆ ಬರೆದದ್ದಲ್ಲ ಅಂತ ನನಗೆ ಗೊತ್ತು. ಪಾರ್ಸಲ್ ಮುಟ್ಟುವುದಿಲ್ಲ ಅಂತ ನಿನಗೂ ಗೊತ್ತಿದೆ, ಆದರೂ ಹಾಕುತ್ತಿದ್ದೀಯ. ನಾನು ಬರೆದದ್ದು ಒಂದೂ ನಿನಗೆ ಸಿಗುವುದಿಲ್ಲ, ನಿನ್ನದು ಒಂದು ಸಾಲು ನನಗೆ ಸಿಗುತ್ತದೆ. ಅಷ್ಟು ಸಾಕಾಗಿತ್ತು ನನಗೆ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮುಂಚೆ ಅಂಗಡಿ ತೆರೆದು ನೋಡುತ್ತಿದ್ದೆ. ಕೈ ಎತ್ತಿ ಇಡು, ರಾತ್ರಿ ದಿಂಬಿನ ಮೇಲೆ ಇಟ್ಟುಕೊಂಡು ಮಲಗು, ಬಿಗಿ ಬಳೆ ಹಾಕಬೇಡ ಅಂತ ಎಲ್ಲ ಬರೆದು ಕಳಿಸಿದ್ದೆ. ಅದೂ ಹಲಗೆಯ ಮೇಲಿದೆ.

ಕೋಣೆ ಬಿಟ್ಟುಕೊಡುತ್ತಿದ್ದೇನೆ. ದೊಡ್ಡ ಮಿಷನ್ ಮಾರಿದೆ. ನರ್ಸಮ್ಮನ ಮನೆಯ ಹಿಂದಿನ ಖೋಲಿಯಲ್ಲಿ ಚಿಕ್ಕದನ್ನು ಇಟ್ಟುಕೊಂಡು ಊರಿನವರಿಗೆ ಮಾತ್ರ ಹೊಲಿಯುತ್ತೇನೆ. ಆನ್‌ಲೈನ್ ಅಂಗಡಿ ಮಾತ್ರ ಮುಚ್ಚುವುದಿಲ್ಲ ಅಂತ ಹಟ ಹಿಡಿದಿದ್ದೆ.

ಹೋದ ವಾರ ಕೊರಿಯರ್ ಕಂಪನಿಯಿಂದ ಪತ್ರ ಬಂತು. ನಿಮ್ಮ ಅಂಗಡಿಯಿಂದ ವಾಪಸ್ ಬರುವ ಪಾರ್ಸಲ್ ಮಿತಿ ಮೀರಿದೆ, ಜನವರಿ ಒಂದರಿಂದ ಕ್ಯಾಷ್ ಆನ್ ಡೆಲಿವರಿ ಸೌಲಭ್ಯ ಇರುವುದಿಲ್ಲ. ಹೋಗಿ ಮೇಜಿನ ಮೇಲೆ ಕೈ ಇಟ್ಟು ಬೇಡಿಕೊಂಡೆ. ಅಲ್ಲಿದ್ದ ಹುಡುಗಿ "ಸಿಸ್ಟಂ ತಾನಾಗೇ ತೆಗೆಯುತ್ತೆ ಆಂಟಿ, ನನ್ ಕೈಯಲ್ಲಿಲ್ಲ" ಅಂದಳು. ಒಬ್ಬಳಿಗಾದರೂ ಬಿಡಮ್ಮ, ಒಂದೇ ವಿಳಾಸಕ್ಕೆ ಅಂದೆ. ಹಾಗೆಲ್ಲ ಆಗುವುದಿಲ್ಲವಂತೆ. ಬೇರೆ ಎರಡು ಕಂಪನಿಗೆ ಹೋದೆ, ಹಳೆಯ ಲೆಕ್ಕ ನೋಡಿ ಅವರೂ ಒಲ್ಲೆ ಅಂದರು. ಮನೆಗೆ ಬಂದು ಬೆಲೆಯ ಕಡೆ ಸೊನ್ನೆ ಹಾಕಿ ನೋಡಿದೆ, ಸೊನ್ನೆ ಬೆಲೆಗೆ ಮಾರಲು ಬರುವುದಿಲ್ಲ ಅಂತ ಕೆಂಪಕ್ಷರ ಬಂತು.

ಇವತ್ತು ಬೆಳಿಗ್ಗೆ ನಿನ್ನ ಆರ್ಡರ್ ಬಂದಿದೆ. ಸೂಚನೆಯ ಕಡೆ ಈ ಸಲ ಏನೂ ಬರೆದಿಲ್ಲ. ಹೊತ್ತು ಸಿಗಲಿಲ್ಲವೋ, ಬರೆಯಲು ಕೈ ಆಗಲಿಲ್ಲವೋ. ಹೊಲಿಗೆ ಸಡಿಲ ಬಿಟ್ಟು ಹೊಲಿದೆ. ನಾಳೆ ಕಳಿಸುತ್ತೇನೆ. ಹೋಗುತ್ತದೆ, ಬರುತ್ತದೆ. ಬರುವಷ್ಟರಲ್ಲಿ ಆ ಚೌಕ ಇರುವುದಿಲ್ಲ.

ಮುಂದಿನ ತಿಂಗಳು ಅವನು ಸ್ನಾನಕ್ಕೆ ಹೋದಾಗ ನೀನು ಅವಸರದಲ್ಲಿ ಅಂಗಡಿ ತೆರೆಯುತ್ತೀಯ. ಹೆಸರು ಬರೆಯುತ್ತೀಯ, ಅಳತೆ ಹಾಕುತ್ತೀಯ. ಹಣ ಕಟ್ಟುವ ಪುಟಕ್ಕೆ ಬಂದರೆ ಅಲ್ಲಿ ಕಾರ್ಡು, ಬ್ಯಾಂಕು, ವ್ಯಾಲೆಟ್ಟು ಅಷ್ಟೇ ಇರುತ್ತದೆ. ಆರು ಅಂಕಿ ಕೇಳುತ್ತದೆ. ಅಕ್ಕ ಕೊನೆಗೂ ನನ್ನ ಮಾತು ಕೇಳಿ ಅದನ್ನು ತೆಗೆದುಬಿಟ್ಟಳು ಅಂದುಕೊಳ್ಳುತ್ತೀಯ.

ಇಲ್ಲ ಕಣೇ, ಗುಂಡಿ. ನಾನು ನಿನ್ನ ಮಾತು ಕೇಳಲಿಲ್ಲ.

ಅಕ್ಕ